ಜಿಂಕೆಗೆಂದು ಬಿತ್ತಿದ ಅಲಸಂದೆ

ಆಗ ನೈರೋಬಿಯ ಅಂಚಿನ ಕರೆನ್ ಬಡಾವಣೆಯ ನಮ್ಮ ಮನೆಯ ಹಿಂದೆ, ಕಾಡಿಗೂ ನಮಗೂ ನಡುವೆ ಇದ್ದದ್ದು ಒಂದು ಮುಳ್ಳುಬೇಲಿ ಅಷ್ಟೇ. ಎರಡು ಸಾವಿರದ ಹತ್ತು ದಾಟಿ ಒಂದೆರಡು ವರ್ಷವಾಗಿದ್ದ ಕಾಲ. ನೈರೋಬಿಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಆ ದಿನಗಳು ನೆನಪಿರಬೇಕು. ಊರಿನಿಂದ ಯಾರಾದರೂ ಬಂದರೆ ಅವರ ಸೂಟ್‌ಕೇಸ್ ಬಿಚ್ಚುವಾಗ ನಾವೆಲ್ಲ ಸುತ್ತ ಕೂರುತ್ತಿದ್ದೆವು. ಬಟ್ಟೆಗಳ ನಡುವಿನಿಂದ ಸಾರಿನ ಪುಡಿ, ಹಪ್ಪಳ, ಕೊಬ್ಬರಿ ಮಿಠಾಯಿಯ ವಾಸನೆ ಎಲ್ಲ ಸೇರಿ ಬರುತ್ತಿತ್ತು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳುತ್ತಿದ್ದರು, ನಾವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆವು. ಅದರಲ್ಲಿ ಏನೋ ಕೊರತೆಯಿದೆ ಎಂದು ನನಗಂತೂ ಅನ್ನಿಸಿರಲಿಲ್ಲ, ಪಲ್ಲವಿ ಬರುವ ತನಕ.

ಮನೆ ಎಂದೆನಲ್ಲ, ಬಂಗಲೆಯೇನಲ್ಲ. ಮಿಸೆಸ್ ಪಾರ್ಕರ್ ಎಂಬ ವಯಸ್ಸಾದ ಬ್ರಿಟಿಷ್ ಹೆಂಗಸಿನ ದೊಡ್ಡ ಬಂಗಲೆಯ ಹಿಂದೆ, ಯಾವ ಕಾಲದಲ್ಲೋ ಅತಿಥಿಗಳಿಗೆಂದು ಕಟ್ಟಿಸಿದ್ದ ಹಂಚಿನ ಪುಟ್ಟ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ಮಾತ್ರ ಅಗಲವಾಗಿತ್ತು. ಅಲ್ಲಿ ನಿಂತರೆ ಹಿತ್ತಲು, ಹಿತ್ತಲಿನಾಚೆ ಬೇಲಿ, ಬೇಲಿಯಾಚೆ ಕಾಡು. ಅಪ್ಪ ದನದ ಮೇವಿನ ಬೆಳೆಗಳ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ. ಇಥಿಯೋಪಿಯಾ, ಉಗಾಂಡಾ ಅಂತ ಸದಾ ತಿರುಗಾಟ. ಮನೆಯಲ್ಲಿದ್ದ ದಿನವೂ ಲ್ಯಾಪ್‌ಟಾಪ್ ಮುಂದೆಯೇ. ನಾನು ಒಂದು ಮೊಲ ಸಾಕೋಣ ಎಂದು ಎಷ್ಟು ಸಲ ಗೋಗರೆದಿದ್ದೆನೋ. "ಯಾರು ನೋಡ್ಕೊಳ್ಳೋರು ಪುಟ್ಟಿ? ನಂಗೆ ಟೈಮೆಲ್ಲಿದೆ?" ಅನ್ನುತ್ತಿದ್ದ. ಟೈಮಿಲ್ಲ ಎಂದು ನಾನೂ ನಂಬಿದ್ದೆ.

ಪಲ್ಲವಿ ನಮ್ಮ ದೊಡ್ಡಪ್ಪನ ಮಗಳು, ಮೈಸೂರಿನವಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ, ಕಾಲೇಜು ಶುರುವಾಗುವ ತನಕದ ರಜೆಗೆ ಏಪ್ರಿಲ್‌ನಲ್ಲಿ ಬಂದಳು. ನನಗಾಗ ಹತ್ತು ವರ್ಷ. ಅಕ್ಕ ಬರುತ್ತಾಳೆ ಎಂದು ನಾನೇ ಎಲ್ಲರಿಗಿಂತ ಹೆಚ್ಚು ಕುಣಿದಿದ್ದೆ. ಏರ್‌ಪೋರ್ಟಿನಿಂದ ಬರುವ ದಾರಿಯಲ್ಲೇ ಆ ಕುಣಿತ ನಿಂತಿತು. ಕಾರಿನ ಮುಂದಿನ ಸೀಟಿನಲ್ಲಿ, ಅಂದರೆ ನಾನು ದೊಡ್ಡವಳಾದ ಮೇಲೆ ಕೂರಿಸುತ್ತೇನೆ ಎಂದು ಅಪ್ಪ ಹೇಳಿದ್ದ ಸೀಟಿನಲ್ಲಿ, ಅವಳು ಕೂತಳು. ಟ್ರಾಫಿಕ್ಕಿನಲ್ಲಿ ಕಾರು ಒಂದಿಂಚೂ ಮುಂದಕ್ಕೆ ಹೋಗದೆ ನಿಂತಿತ್ತು. ಮಟಾಟು ಎನ್ನುವ ಬಾಡಿಗೆ ವ್ಯಾನುಗಳು ಹಾರ್ನ್ ಹೊಡೆಯುತ್ತಾ ಫುಟ್‌ಪಾತ್ ಮೇಲೆಲ್ಲ ಹತ್ತುತ್ತಿದ್ದವು.

"ಏನ್ ಚಿಕ್ಕಪ್ಪ, ಆಫ್ರಿಕಾ ಅಂತ ಹೇಳಿ ಬೆಂಗಳೂರಿಗೆ ಕರ್ಕೊಂಡು ಬಂದಿದೀರಲ್ಲ! ನಾನು ಏರ್‌ಪೋರ್ಟ್ ಬಾಗಿಲಲ್ಲೇ ಜಿರಾಫೆ ಹಾರ ಹಿಡ್ಕೊಂಡು ನಿಂತಿರತ್ತೆ ಅನ್ಕೊಂಡಿದ್ದೆ."

ಅಪ್ಪ ನಕ್ಕ. ಸ್ಟೀರಿಂಗಿಗೆ ಹಣೆ ಒರಗಿಸಿಕೊಂಡು ನಕ್ಕ. ನಾನು ಹುಟ್ಟಿದಾಗಿನಿಂದ ಅಪ್ಪನನ್ನು ಹಾಗೆ ನಗಿಸಿದ್ದಿಲ್ಲ. ಹಿಂದಿನ ಸೀಟಿನಲ್ಲಿ ಅವಳ ಸೂಟ್‌ಕೇಸಿನ ಪಕ್ಕ ಕೂತು, ನಾನೂ ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಹೊಳೆದದ್ದೆಲ್ಲ ಇಂಗ್ಲಿಷಿನಲ್ಲಿ ಹೊಳೆಯಿತು, ಅದೂ ತಮಾಷೆಯಾಗಿರಲಿಲ್ಲ. ಮನೆ ಬರುವ ತನಕ ಕಿಟಕಿಯಾಚೆ ನೋಡುತ್ತಾ ಕೂತೆ.

ಮಾರನೆಯ ವಾರ ನ್ಯಾಷನಲ್ ಪಾರ್ಕಿಗೆ ಹೋಗಿ ಬಂದೆವು. ಅವಳ ದುರದೃಷ್ಟಕ್ಕೆ ಆ ದಿನ ಮಳೆ. ಪ್ರಾಣಿಗಳೆಲ್ಲ ದೂರದಲ್ಲಿ ಚುಕ್ಕಿಗಳಾಗಿ ಕಂಡವು. ಅವಳು ಮುಖ ಸಣ್ಣ ಮಾಡಿಕೊಂಡಳು. ಅಷ್ಟಕ್ಕೇ ಅಪ್ಪ ಕರಗಿಹೋದ.

"ನಾವು ಹುಡ್ಕೊಂಡು ಹೋಗೋದಲ್ಲಮ್ಮ, ಅದೇ ನಮ್ಮನ್ನ ಹುಡ್ಕೊಂಡು ಬರ್ಬೇಕು. ನೀನು ವಾಪಸ್ ಹೋಗೋ ಅಷ್ಟರಲ್ಲಿ ನಮ್ಮ ಅಡುಗೆಮನೆ ಕಿಟಕಿ ಮುಂದೆ ಜಿಂಕೆ ನಿಲ್ಲಿಸ್ತೀನಿ, ನೋಡ್ತಿರು."

ಬೇಲಿಯಾಚೆ ಜಿಂಕೆ ಇದ್ದದ್ದು ನಿಜ. ನಮ್ಮ ಊರಿನ ಚುಕ್ಕೆ ಜಿಂಕೆಯಲ್ಲ, ಬುಷ್‌ಬಕ್ ಎನ್ನುವ ಜಾತಿ. ಆದರೆ ಮನೆಯಲ್ಲಿ ನಮಗೆಲ್ಲ ಅದು ಜಿಂಕೆಯೇ. ಬೇಲಿಯ ಬುಡದ ಕೆಸರಿನಲ್ಲಿ ಗೊರಸಿನ ಗುರುತು ಕಾಣುತ್ತಿತ್ತು, ಜಿಂಕೆಯನ್ನು ಕಂಡವರಿಲ್ಲ. ಅಪ್ಪ ಅಂದು ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದ. ಅಮೆರಿಕದ ಬೇಟೆಗಾರರು ಬರೆದುಕೊಂಡಿದ್ದ ಯಾವುದೋ ಪುಟ. ಜಿಂಕೆಗಳು ಬರಲೆಂದೇ ಬೆಳೆ ಬೆಳೆಯುವುದು ಹೇಗೆ, ಶರತ್ಕಾಲಕ್ಕೆ ಏನು ಬಿತ್ತಬೇಕು, ಮೊದಲ ಸಲ ಮಾಡುವವರು ಎಲ್ಲಿ ಎಡವುತ್ತಾರೆ ಎಂದೆಲ್ಲ ಅದರಲ್ಲಿತ್ತು.

ಅಮ್ಮ ಹೆಗಲ ಮೇಲಿಂದ ಇಣುಕಿ ನೋಡಿ, "ಇದೇನ್ರೀ, ಕರೆದು ಊಟ ಹಾಕಿ ಆಮೇಲೆ ಹೊಡೀತಾರಾ? ಥೂ!" ಎಂದಳು.

"ಅವ್ರು ಹೊಡ್ಕೊಳ್ಳಿ ಬಿಡೇ. ನಾವು ಊಟ ಹಾಕೋದಷ್ಟೇ."

"ಅಲ್ಲ ಚಿಕ್ಕಪ್ಪ, ಶರತ್ಕಾಲ ಅಂತಿದೆ. ಈಗ ಏಪ್ರಿಲ್ಲು" ಎಂದಳು ಪಲ್ಲವಿ.

"ನಾವು ಭೂಮಧ್ಯರೇಖೆಯಿಂದ ಕೆಳಗಡೆ ಇದೀವಿ ಕಣಮ್ಮ, ಒಂಚೂರೇ ಚೂರು. ಆದ್ರೂ ಕೆಳಗಡೇನೆ. ಇಲ್ಲಿ ಈಗ್ಲೇ ಶರತ್ಕಾಲ!"

ಇಬ್ಬರೂ ನಕ್ಕರು. ಕೈಗೆ ಕೈ ತಟ್ಟಿಕೊಂಡರು. ನೈರೋಬಿಯಲ್ಲಿ ಇರುವುದು ಮಳೆ ಬರುವ ಕಾಲ, ಮಳೆ ಬಾರದ ಕಾಲ ಎಂದು ನನಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅದನ್ನು ಹೇಳಿದೆ, ಇಂಗ್ಲಿಷಿನಲ್ಲಿ, ಟೀಚರ್ ಹೇಳಿದ ಹಾಗೇ. "ಹೌದು ಪುಟ್ಟಿ" ಎಂದ ಅಪ್ಪ, ತಲೆ ಎತ್ತದೆ. ಮೊಲಕ್ಕಿಲ್ಲದ ಟೈಮು ಜಿಂಕೆಗೆ ಎಲ್ಲಿಂದ ಬಂತು? ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಡುವ ವಯಸ್ಸಲ್ಲದಿದ್ದರೂ, ಯಾರ ಮೇಲೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

ಅಪ್ಪ ಎರಡು ದಿನ ರಜೆ ಹಾಕಿದ. ಬರೆದಿಟ್ಟುಕೊಳ್ಳಿ, ನನಗೆ ಸೀತಾಳೆ ಸಿಡುಬು ಎದ್ದಾಗ ಅರ್ಧ ದಿನ ಹಾಕಿದ್ದ. ಮಿಸೆಸ್ ಪಾರ್ಕರ್ ಹತ್ತಿರ ಒಪ್ಪಿಗೆ ಕೇಳಿ, ಹಿತ್ತಲಿನ ಹುಲ್ಲು ಕಿತ್ತು, ಜೆಂಬೆ ಎನ್ನುವ ಅಲ್ಲಿಯ ಗುದ್ದಲಿ ಹಿಡಿದು ನೆಲ ಅಗೆದ. ಕೆಂಪು ಮಣ್ಣು ಮಳೆಗೆ ಮೆತ್ತಗಾಗಿ ಬೂಟಿಗೆ ರೊಟ್ಟಿಯ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತಿತ್ತು. ಸಂಸ್ಥೆಯಿಂದ ಓಟ್ಸ್ ಮತ್ತು ಕ್ಲೋವರ್ ಮೇವಿನ ಬೀಜ ತಂದಿದ್ದ. ಉಳಿದದ್ದು ಅಮ್ಮನ ಡಬ್ಬಗಳಿಂದ ಬಂತು: ಅಲಸಂದೆ, ಹುರುಳಿ, ಮೆಂತ್ಯ. "ಹುರುಳಿ ಅಂದ್ರೆ ಕುದುರೇನೂ ಬಿಡಲ್ಲ, ಜಿಂಕೆ ಬಿಡತ್ತಾ?" ಎಂದು ಅಮ್ಮ ಸೇರುಗಟ್ಟಲೆ ಸುರಿದಳು. ಪಲ್ಲವಿ ಚೂಡಿದಾರದ ಪ್ಯಾಂಟು ಮೇಲಕ್ಕೆ ಮಡಚಿಕೊಂಡು ಸಾಲಿನಲ್ಲಿ ಬೀಜ ಹಾಕುತ್ತಾ ಹೋದಳು. ಅವಳ ಹಿಂದೆ ಕಾಲಿನಿಂದ ಮಣ್ಣು ಮುಚ್ಚುತ್ತಾ ಹೋಗುವ ಕೆಲಸ ನನ್ನದು. ಹೆಸರಿನದ್ದೆಲ್ಲ ಅವಳದ್ದು, ಕೆಸರಿನದ್ದೆಲ್ಲ ನನ್ನದು. ಕೊನೆಗೆ ಅಪ್ಪ ಬೇಲಿಯ ಬುಡದಲ್ಲಿ ಒಂದು ಜಿಂಕೆ ನುಗ್ಗುವಷ್ಟು ಮುಳ್ಳು ಸವರಿ ದಾರಿ ಮಾಡಿದ. ಅದಕ್ಕೆ "ಪಲ್ಲು ಗೇಟ್" ಎಂದು ಹೆಸರೂ ಆಯಿತು.

ಒಂದು ವಾರದಲ್ಲಿ ಅಲಸಂದೆ ಮೊಳಕೆ ಎದ್ದಿತು. ಮೇ ಕಳೆಯುವಷ್ಟರಲ್ಲಿ ಹಿತ್ತಲೆಲ್ಲ ಹಸಿರೋ ಹಸಿರು. ಸಂಜೆ ಬಾಗಿಲು ತೆರೆದರೆ ಹಸಿ ಮಣ್ಣು, ಮೆಂತ್ಯದ ವಾಸನೆ ಒಟ್ಟಿಗೆ ಒಳಗೆ ಬರುತ್ತಿತ್ತು. ಜಿಂಕೆಗೆ ಮುಂಚೆ ಅಮ್ಮ ಮೆಂತ್ಯದ ಮೇಲೆ ಬಿದ್ದಳು. ಮೆಂತ್ಯದ ಬಾತು, ಮೆಂತ್ಯದ ಪಲ್ಯ, ವಿಂಬಿ ಹಿಟ್ಟಿನ ಮುದ್ದೆಗೆ ಅಲಸಂದೆ ಸೊಪ್ಪಿನ ಸಾರು. ವಿಂಬಿ ಎಂದರೆ ರಾಗಿಯೇ ಎಂದು ತಿಳಿದ ದಿನ ಪಲ್ಲವಿ ಕುಣಿದಾಡಿದ್ದಳು. ಅವಳು ಅಪ್ಪನ ಹಾಗೆಯೇ ಮುದ್ದೆಯನ್ನು ಅಗಿಯದೆ ನುಂಗುತ್ತಿದ್ದಳು. ನಾನು ಚಮಚದಲ್ಲಿ ಕೊರೆದುಕೊಂಡು ತಿನ್ನುತ್ತಿದ್ದೆ. "ನೋಡು, ನಮ್ಮ ವಂಶದ್ದು ಅಂದ್ರೆ ಹಿಂಗೆ" ಎಂದು ಅಪ್ಪ ಹೆಮ್ಮೆಪಡುತ್ತಿದ್ದದ್ದು ಯಾರ ಬಗ್ಗೆ ಎಂದು ಬೇರೆ ಹೇಳಬೇಕಿಲ್ಲ. ನಾನು ಒಂದು ದಿನ ಹಟಕ್ಕೆ ಬಿದ್ದು ನುಂಗಲು ಹೋಗಿ, ಗಂಟಲಿಗೆ ಸಿಕ್ಕಿ, ಬೆನ್ನು ಗುದ್ದಿಸಿಕೊಂಡೆ.

ಆದರೆ ಎಲ್ಲಕ್ಕಿಂತ ಸಹಿಸಲಾಗದೆ ಹೋದದ್ದು ಬೆಳಗಿನ ಹೊತ್ತು. ಜಿಂಕೆ ಮೇಯುವುದು ಬೆಳಕು ಹರಿಯುವಾಗ. ಅಪ್ಪ ಪ್ರತಿದಿನ ಆ ಹೊತ್ತಿಗೆ ಎದ್ದು ಪಲ್ಲವಿಯನ್ನು ಎಬ್ಬಿಸುತ್ತಿದ್ದ. ನಾವಿಬ್ಬರೂ ಒಂದೇ ಮಂಚದಲ್ಲಿ ಮಲಗುತ್ತಿದ್ದೆವು. ಅಪ್ಪನ ಕೈ ನನ್ನನ್ನು ದಾಟಿ ಅವಳ ಭುಜ ಮುಟ್ಟುತ್ತಿತ್ತು. "ಶ್... ಪುಟ್ಟಿ ಮಲ್ಗಿರ್ಲಿ, ಸ್ಕೂಲಿದೆ ಅವ್ಳಿಗೆ." ನಾನು ಎಚ್ಚರವಿರುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಮೈಸೂರಿನಿಂದ ತಂದ ಹಿತ್ತಾಳೆ ಫಿಲ್ಟರಿನಿಂದ ಕಾಫಿಯ ವಾಸನೆ ಕೋಣೆಯ ತನಕ ಬರುತ್ತಿತ್ತು. ಅವಳಿಗೆ ಕಾಫಿ, ನನಗೆ ಇನ್ನೂ ಮಕ್ಕಳು ಕುಡಿಯುವ ಮೈಲೋ. ಅಡುಗೆಮನೆಯಲ್ಲಿ ಪಿಸುಮಾತು. ಅಪ್ಪ ಏನೋ ಕಥೆ ಹೇಳುವುದು, ಅವಳು "ಅಯ್ಯೋ ಚಿಕ್ಕಪ್ಪ, ಆಮೇಲೆ?" ಅನ್ನುವುದು, ಇಬ್ಬರೂ ಬಾಯಿ ಮುಚ್ಚಿಕೊಂಡು ನಗುವುದು. ಒಂದು ಮಾತೂ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ನಾನಾಗಿಯೇ ಎದ್ದು ಹೋಗಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ನನಗೆ ಬೇಕಿದ್ದದ್ದು ಜಿಂಕೆಯಲ್ಲ. ಅಪ್ಪ ನನ್ನ ಭುಜ ಮುಟ್ಟಿ ನನ್ನನ್ನು ಎಬ್ಬಿಸಬೇಕಿತ್ತು. ಅದು ಕೇಳಿ ಪಡೆಯುವಂಥದ್ದಲ್ಲ.

ಹಾಗಾಗಿ ದಿನಾ ರಾತ್ರಿ ಮಲಗುವ ಮುಂಚೆ ದೇವರಲ್ಲಿ ಒಂದೇ ಬೇಡಿಕೆ: ಅವಳಿರುವ ತನಕ ಜಿಂಕೆ ಬರಬಾರದು.

ದೇವರು ಕೇಳಿಸಿಕೊಂಡದ್ದು ವಿಚಿತ್ರವಾದ ದಾರಿಯಲ್ಲಿ. ಒಂದು ಭಾನುವಾರ ಮಿಸೆಸ್ ಪಾರ್ಕರ್ ಹಿತ್ತಲಿಗೆ ಬಂದು, ಎರಡೂ ಕೈ ಕೆನ್ನೆಗಿಟ್ಟುಕೊಂಡು, ಇಷ್ಟು ವರ್ಷದಲ್ಲಿ ಇಂಥ ಹಸಿರು ಈ ನೆಲದಲ್ಲಿ ಕಂಡಿಲ್ಲ ಎಂದು ಹಾಡಿ ಹೊಗಳಿ ಹೋದಳು. ಅದರ ಮಾರನೆಯ ದಿನ ಜೋರು ಮಳೆ. ನೀರು ನಿಂತು ಒಂದು ಮೂಲೆಯ ಹುರುಳಿ ಹಳದಿಯಾಯಿತು.

"ಕಣ್ಣು ಬಿತ್ತು" ಎಂದಳು ಅಮ್ಮ. "ನೀರು ನಿಂತಿದೆ ಕಣೇ" ಎಂದ ಅಪ್ಪ. "ನೀರು ಎಲ್ಲಾ ಕಡೇನೂ ನಿಂತಿದೆ. ಅವ್ಳು ನಿಂತು ನೋಡಿದ್ ಕಡೇನೇ ಯಾಕೆ ಹಳದಿಯಾಗ್ಬೇಕು?"

ಸರಿ, ದೃಷ್ಟಿಬೊಂಬೆ ಆಗಬೇಕು ಎಂದಾಯಿತು. ಊರಿನಲ್ಲಿ ಯಾವ ಹೊಲ ಚೆನ್ನಾಗಿ ಬಂದಿದ್ದರೂ ನಡುವೆ ಒಂದು ಬೊಂಬೆ ನಿಂತೇ ಇರುತ್ತದಲ್ಲ. ಅಮ್ಮ ತಳ ಸುಟ್ಟ ಒಂದು ಸುಫುರಿಯಾ ಪಾತ್ರೆ ಕೊಟ್ಟಳು. ಪಲ್ಲವಿ ಅದಕ್ಕೆ ಸುಣ್ಣ ಬಳಿದು, ಕೆಂಪು ನಾಲಗೆ, ಗಿರಿಜಾ ಮೀಸೆ, ಚಕ್ರದಷ್ಟು ದೊಡ್ಡ ಕಣ್ಣು ಬರೆದಳು. ಅಪ್ಪ ನಗುತ್ತಲೇ ಎರಡು ಗಳ ಕಟ್ಟಿ ಹಿತ್ತಲ ನಡುವೆ ಹೂತ. ಬೊಂಬೆಗೆ ಬಟ್ಟೆ ಬೇಕಲ್ಲ, ಪಲ್ಲವಿ ತನ್ನ ಹಳೆಯ ಹಳದಿ ಟಾಪ್ ತೊಡಿಸಿದಳು. ಗಾಳಿ ಬೀಸಿದರೆ ತೋಳುಗಳು ಪಟಪಟ ಎನ್ನುತ್ತಿದ್ದವು. ಬಲು ಚೆನ್ನಾಗಿ ಬಂದಿತ್ತು. ನಾಲ್ಕು ಜನರೂ ದೂರ ನಿಂತು ಮೆಚ್ಚಿಕೊಂಡೆವು. ಪ್ರಾಣಿಗಳು ಬರಲಿ ಎಂದು ಬೆಳೆದ ಹೊಲದಲ್ಲಿ ಇದನ್ನು ನೆಟ್ಟಿದ್ದೇವೆ ಎಂಬುದು ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಲ ಎಂದ ಮೇಲೆ ಬೊಂಬೆ, ಅಷ್ಟೇ ನಮಗೆ ಗೊತ್ತಿದ್ದದ್ದು.

ಜೂನ್ ಬಂತು. ನೈರೋಬಿಯ ಚಳಿ, ಮಧ್ಯಾಹ್ನದ ತನಕ ಬೂದು ಮೋಡ. ಇಬ್ಬರೂ ಸ್ವೆಟರ್ ಹಾಕಿಕೊಂಡು ಕಿಟಕಿಯಲ್ಲಿ ಕಾದರು. ಅಲಸಂದೆ ಮಂಡಿಯುದ್ದ ಬೆಳೆದಿತ್ತು, ಒಂದೆಲೆಯನ್ನೂ ಯಾರೂ ಮುಟ್ಟಿರಲಿಲ್ಲ. ಬೇಲಿಯಾಚೆ ಗೊರಸಿನ ಗುರುತು ಇರುತ್ತಿತ್ತು, ಈಚೆಗಿಲ್ಲ. "ನಾಚ್ಕೊಳ್ತಿದೆ" ಎಂದು ಅಪ್ಪ, "ನಮ್ಮ ಹುರುಳಿ ವಾಸ್ನೆ ಹೊಸದು ಅದಕ್ಕೆ" ಎಂದು ಅಮ್ಮ. ನಾನು ಮೈಲೋ ಕುಡಿಯುತ್ತಿದ್ದೆ. ನನ್ನ ದೇವರು ಗಟ್ಟಿಗ ಎನಿಸಿತ್ತು.

ಫಲಿತಾಂಶ ಬಂದು, ಅವಳಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟೂ ಸಿಕ್ಕಿ, ಹೊರಡುವ ದಿನವೂ ಬಂದುಬಿಟ್ಟಿತು. ಏರ್‌ಪೋರ್ಟಿನಲ್ಲಿ ನನ್ನನ್ನು ತಬ್ಬಿಕೊಂಡು, "ಏನೇ ಪುಟ್ಟಿ, ಎರಡು ತಿಂಗಳಲ್ಲಿ ನನ್ ಜೊತೆ ಒಂದು ಮಾತೂ ಕನ್ನಡದಲ್ಲಿ ಆಡ್ಲಿಲ್ವಲ್ಲೇ" ಎಂದಳು. "ಬೈ" ಎಂದೆ. ಅಪ್ಪನಿಗೆ, "ಜಿಂಕೆ ಬಂದ್ರೆ ಫೋಟೋ ಕಳ್ಸಿ ಚಿಕ್ಕಪ್ಪ" ಎಂದಳು. ಅಪ್ಪನ ಕಣ್ಣು ಕೆಂಪಾಗಿತ್ತು. ವಾಪಸ್ ಬರುವಾಗ ಮುಂದಿನ ಸೀಟು ಖಾಲಿಯಿತ್ತು. ಕೂರು ಎಂದು ಅಪ್ಪ ಹೇಳಲಿಲ್ಲ. ಅಮ್ಮ ಕೂತಳು.

ಅವಳು ಹೋದರೆ ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡಿದ್ದೆ. ಮೊದಲಿನಂತೆಯೇ ಆಯಿತು. ಅಪ್ಪ ಲ್ಯಾಪ್‌ಟಾಪಿಗೆ ಮರಳಿದ. ಮಾರನೆಯ ದಿನ ಶಾಲೆಯಿಂದ ಬಂದು ಹಿತ್ತಲಿಗೆ ಕಾಲಿಟ್ಟರೆ, ಅಲಸಂದೆಯ ನಡುವೆ ಹಳದಿ ಟಾಪ್ ಹಾಕಿಕೊಂಡು ಅವಳು ಕೈ ಬೀಸುತ್ತಾ ನಿಂತಿದ್ದಳು. ಹೋದವಳು ಪೂರ್ತಿ ಹೋಗಬಾರದೇ! ಚೀಲ ಎಸೆದು ಓಡಿಹೋಗಿ ಎರಡೂ ಕೈಯಲ್ಲಿ ಹಿಡಿದೆಳೆದೆ. ಗಳ ಸಡಿಲವಾಯಿತು, ತೋಳು ಹರಿಯಿತು, ಸುಫುರಿಯಾ ಉರುಳಿ ದಡದಡ ಸದ್ದು ಮಾಡಿತು. ಎಲ್ಲವನ್ನೂ ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋಗಿ ಹಾಕಿದೆ.

ಅಮ್ಮ ಬಂದು, "ಯಾಕೇ ಕಿತ್ತೆ?" ಎಂದಳು.

"ಐ ಡೋಂಟ್ ಲೈಕ್ ಇಟ್."

ಅಮ್ಮ ಬೈಯಲಿಲ್ಲ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಎರಡೋ ಮೂರೋ ದಿನ ಕಳೆದಿತ್ತು. ಬೆಳಗಿನ ಹೊತ್ತು ಯಾರೋ ನನ್ನ ಭುಜ ಮುಟ್ಟಿದರು. "ಪುಟ್ಟೀ, ಏಳು. ಸದ್ದು ಮಾಡ್ಬೇಡ." ಅಪ್ಪ. ಚಪ್ಪಲಿಯಿಲ್ಲದೆ ತಣ್ಣನೆಯ ನೆಲದ ಮೇಲೆ ಅವನ ಹಿಂದೆ ಹೋದೆ. ಅಡುಗೆಮನೆಯಲ್ಲಿ ದೀಪ ಹಾಕಿರಲಿಲ್ಲ, ಕಾಫಿಯ ವಾಸನೆಯಿತ್ತು. ಅಪ್ಪ ನನ್ನನ್ನು ತನ್ನ ಮುಂದೆ ನಿಲ್ಲಿಸಿಕೊಂಡು ಎರಡೂ ಕೈ ನನ್ನ ಹೆಗಲ ಮೇಲಿಟ್ಟ.

ಕಿಟಕಿಯ ಎದುರಿಗೇ, ಅಲಸಂದೆಯ ಒಳಗೆ ಅದು ನಿಂತಿತ್ತು. ಹೆಣ್ಣು, ಕೊಂಬಿಲ್ಲ. ಒದ್ದೆ ಇಟ್ಟಿಗೆಯ ಬಣ್ಣದ ಮೈ, ತೊಡೆಯ ಮೇಲೆ ಯಾರೋ ಸುಣ್ಣದ ಬೆರಳು ಒತ್ತಿದ ಹಾಗೆ ಬಿಳಿ ಚುಕ್ಕೆ. ಒಂದು ಬಾಯಿ ಸೊಪ್ಪು ಕೀಳುವುದು, ತಲೆ ಎತ್ತುವುದು, ಕಿವಿ ಆ ಕಡೆ ಈ ಕಡೆ ಮಾಡುವುದು, ಮತ್ತೆ ಕೀಳುವುದು. ಅಗಿಯುವ ಸದ್ದು ಕೂಡ ಕೇಳಿಸಿದಂತಿತ್ತು. ಅಪ್ಪನ ಹೊಟ್ಟೆ ನನ್ನ ಬೆನ್ನಿಗೆ ತಾಗಿ ಕುಲುಕತೊಡಗಿತು. ನಗುತ್ತಿದ್ದ.

"ಅಯ್ಯೋ ನಮ್ ಬುದ್ಧಿಗಿಷ್ಟು... ಬೆದರುಬೊಂಬೆ ನಿಲ್ಲಿಸ್ಕೊಂಡು ಜಿಂಕೆ ಕಾಯ್ತಾ ಕೂತಿದ್ವಲ್ಲೇ! ನೀನು ಕಿತ್ತೆ, ಅದು ಬಂತು."

ನನಗೂ ನಗು ಬಂತು. ಆ ಕ್ಷಣ ನನಗೆ ಯಾರ ಮೇಲೂ ಏನೂ ಇರಲಿಲ್ಲ. ಅಪ್ಪ, ಕಾಫಿಯ ವಾಸನೆ, ಜಿಂಕೆ, ನಾನು. ಅಷ್ಟರಲ್ಲಿ ಅಪ್ಪ ನಿಟ್ಟುಸಿರುಬಿಟ್ಟು ಹೇಳಿದ:

"ಛೆ, ಪಲ್ಲು ಇರ್ಬೇಕಿತ್ತು."

ಮೈಯೆಲ್ಲ ಉರಿದುಹೋಯಿತು. ಸಾವಿರಾರು ಮೈಲಿ ದೂರದಲ್ಲಿದ್ದುಕೊಂಡೂ ಅವಳು ನನ್ನ ಜಾಗದಲ್ಲಿ ಬಂದು ನಿಂತಿದ್ದಳು. ಇಂಗ್ಲಿಷಿನಲ್ಲಿ ಏನು ಹೇಳಿದರೂ ಅಪ್ಪ "ಹೌದು ಪುಟ್ಟಿ" ಎಂದುಬಿಡುತ್ತಾನೆ ಎಂದು ಗೊತ್ತಿತ್ತು. ಅವಳು ಯಾವುದರಲ್ಲಿ ಗೆದ್ದಿದ್ದಳೋ ಅದರಲ್ಲೇ ಹೇಳಬೇಕು ಎನ್ನಿಸಿತು. ನಾಲಗೆ ತಡವರಿಸಿತು, ಆದರೂ ಬಂತು:

"ನಾನ್ ಇದೀನಲ್ಲ ಅಪ್ಪ."

ಹೆಗಲ ಮೇಲಿನ ಕೈ ಬಿಗಿಯಾಯಿತು. ಅಪ್ಪ ನನ್ನನ್ನು ತನ್ನ ಕಡೆ ತಿರುಗಿಸಿಕೊಂಡ.

"ಏನಂದೆ? ಇನ್ನೊಂದ್ ಸಲ ಹೇಳು."

ಇನ್ನೊಂದು ಸಲ ಹೇಳಿದೆ. ಹೇಳುವಾಗ ಅಳುತ್ತಿದ್ದೆ. ಹಿತ್ತಲಿನಲ್ಲಿ ಜಿಂಕೆ ಇನ್ನೂ ಮೇಯುತ್ತಿತ್ತೋ, ಓಡಿಹೋಗಿತ್ತೋ, ನನಗೆ ಗೊತ್ತಿಲ್ಲ. ಅಪ್ಪ ಆ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ.

ಈಗ ಆ ಜಾಗದಲ್ಲಿ ಹಿತ್ತಲಿಲ್ಲ. ಮಿಸೆಸ್ ಪಾರ್ಕರ್ ತೀರಿಕೊಂಡ ಮೇಲೆ ಜಾಗ ತುಂಡಾಗಿ, ಒಂದರ ಪಕ್ಕ ಒಂದು ಮನೆಯೆದ್ದು, ಕಾಡಿನ ಕಡೆ ಗೋಡೆ, ಗೋಡೆಯ ಮೇಲೆ ಕರೆಂಟಿನ ತಂತಿ ಬಂದಿದೆ. ಜಿಂಕೆ ಈಚೆ ಬರುವ ಮಾತೇ ಇಲ್ಲ. ಅದಕ್ಕೆಲ್ಲ ನಾನು ಹೆಚ್ಚು ಮರುಗುವುದಿಲ್ಲ. ಅಪ್ಪ ಹೋಗಿ ಕೆಲವು ವರ್ಷಗಳಾದವು, ಮರುಗುವುದಿದ್ದರೆ ಅದಕ್ಕೆ.

ಅಪ್ಪ ಹೋದ ವಾರ ಪಲ್ಲವಿ ಫೋನ್ ಮಾಡಿದ್ದಳು. ಅತ್ತು ಅತ್ತು, ಮಧ್ಯೆ ನಕ್ಕು, "ನೀನು ಹುಟ್ಟಿದ ದಿನ ಚಿಕ್ಕಪ್ಪ ಗಾಬರೀಲಿ ಆಸ್ಪತ್ರೆಗೆ ಅಂತ ಹೊರಟು, ಮಾರ್ಕೆಟ್‌ಗೆ ಹೋಗಿ ಚೀಲದ ತುಂಬಾ ಟೊಮ್ಯಾಟೊ ತಗೊಂಡು, ಆ ಚೀಲಾನೇ ಎತ್ಕೊಂಡು ನಿನ್ನ ನೋಡಕ್ಕೆ ಬಂದಿದ್ರಂತೆ ಕಣೇ! ಆ ಕಿಟಕಿ ಹತ್ರ ನಿಂತು ಹೇಳಿದ್ರು" ಎಂದಳು. ನಾನು ಹುಟ್ಟಿದ ದಿನದ ಕಥೆ. ಅಪ್ಪ ಅದನ್ನು ನನಗೆ ಹೇಳಿರಲಿಲ್ಲ. ಅಡುಗೆಮನೆಯ ಗೋಡೆಯ ಈಚೆ ನಾನು ಕಣ್ಣು ಮುಚ್ಚಿ ಮಲಗಿದ್ದಾಗ ಅವರು ನಗುತ್ತಿದ್ದದ್ದು ಅದಕ್ಕೇ ಇರಬೇಕು. ಅಪ್ಪನಿಲ್ಲದ ಮನೆಯಲ್ಲಿ ಫೋನ್ ಹಿಡಿದು ನಿಂತು ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು, ಹತ್ತು ವರ್ಷದವಳಿಗೆ ಆಗುತ್ತಿದ್ದಷ್ಟೇ.

ಆದರೂ, "ಇನ್ನೇನ್ ಹೇಳಿದ್ರು ಅಕ್ಕಾ?" ಎಂದೆ.

ಅವತ್ತಿನಿಂದ ಭಾನುವಾರಗಳಂದು ನಾನೇ ಅವಳಿಗೆ ಫೋನ್ ಮಾಡುತ್ತೇನೆ. ಕನ್ನಡದಲ್ಲೇ ಮಾತಾಡುತ್ತೇನೆ. ಅದೂ ಇದೂ ಕೇಳಿ, ಮಕ್ಕಳನ್ನು ವಿಚಾರಿಸಿ, ಕೊನೆಗೆ ಮೆಲ್ಲಗೆ ಆ ಬೆಳಗುಗಳಿಗೆ ಬರುತ್ತೇನೆ. ಅವಳು ಒಂದೊಂದಾಗಿ ಕೊಡುತ್ತಾಳೆ. ಅಪ್ಪ ನೈರೋಬಿಗೆ ಬಂದ ಮೊದಲ ವಾರವೇ ತಪ್ಪು ಮಟಾಟು ಹತ್ತಿ ಎಲ್ಲಿಗೋ ಹೋಗಿ ಇಳಿದದ್ದು. ಕಾಲೇಜಿನ ನಾಟಕದಲ್ಲಿ ಮಾತು ಮರೆತು ಪ್ರೇಕ್ಷಕರನ್ನೇ ಕೇಳಿದ್ದು. ನನ್ನ ಅಪ್ಪನನ್ನು ನಾನು ಅವಳ ಕೈಯಿಂದ ಚೂರುಚೂರಾಗಿ ಇಸಿದುಕೊಳ್ಳುತ್ತಿದ್ದೇನೆ.

ಹೋದ ಭಾನುವಾರ ಅವಳು, "ಅಷ್ಟೇ ಕಣೇ ಪುಟ್ಟಿ. ಎಲ್ಲಾ ಹೇಳ್ಬಿಟ್ಟೆ. ಇನ್ನು ಯಾವ್ದೂ ನೆನಪಿಗೆ ಬರ್ತಿಲ್ಲ" ಎಂದಳು.

ನಾನು ನಂಬಲಿಲ್ಲ. ಒಂದನ್ನಾದರೂ ತನಗೆಂದು ಇಟ್ಟುಕೊಂಡಿರುತ್ತಾಳೆ. ಅವಳ ಜಾಗದಲ್ಲಿ ನಾನಿದ್ದರೆ ಇಟ್ಟುಕೊಳ್ಳುತ್ತಿದ್ದೆ.